ಬಿಲ್ಲೆ ತೇಲಲಿಲ್ಲ, ಕಾಂತತ್ವ ಸೇರಿ ಕೆಟ್ಟುಹೋಯಿತಾ?

ಪ್ರಶ್ನೆ: ನಾನು ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ಕೊನೆಯ ವರ್ಷದ ಬಿಎಸ್ಸಿ ಮಕ್ಕಳ ಜೊತೆ ಸೇರಿ ವೈಬಿಸಿಒ (ಇಟ್ರಿಯಂ ಬೇರಿಯಂ ಕಾಪರ್ ಆಕ್ಸೈಡ್) ಸೂಪರ್‌ಕಂಡಕ್ಟರ್ ಬಿಲ್ಲೆಗಳನ್ನು, ಅಂದರೆ ತೀರಾ ತಣ್ಣಗಾದಾಗ ವಿದ್ಯುತ್ ರೋಧ ಕಳೆದುಕೊಂಡು ಅಯಸ್ಕಾಂತವನ್ನು ತೇಲಿಸುವ ಬಿಲ್ಲೆಗಳನ್ನು ಮಾಡಿದೆವು. ಇಟ್ರಿಯಂ ಆಕ್ಸೈಡ್, ಬೇರಿಯಂ ಕಾರ್ಬೊನೇಟ್, ಕಾಪರ್ ಆಕ್ಸೈಡ್ ಮೂರನ್ನೂ ಲೆಕ್ಕದ ಪ್ರಕಾರ ತೂಗಿ, ಅರೆದು, 920 ಡಿಗ್ರಿಯಲ್ಲಿ ಎರಡು ಸಲ ಸುಟ್ಟೆವು. ಆಮೇಲೆ ಬಿಲ್ಲೆ ಒತ್ತಿ 940 ಡಿಗ್ರಿಯಲ್ಲಿ 12 ಗಂಟೆ ಇಟ್ಟೆವು. ಸಂಜೆ ಲ್ಯಾಬ್ ಮುಚ್ಚಬೇಕಿತ್ತು. ಹಾಗಾಗಿ ಇಕ್ಕಳದಲ್ಲಿ ಹಿಡಿದು ಬಿಸಿಬಿಸಿಯಾಗಿಯೇ ಹೊರತೆಗೆದು ಇಟ್ಟಿಗೆಯ ಮೇಲೆ ಆರಲು ಬಿಟ್ಟೆವು. ಬಣ್ಣ ಕಪ್ಪಗೇ ಇದೆ. ಪಶು ಆಸ್ಪತ್ರೆಯಿಂದ ದ್ರವ ನೈಟ್ರೋಜನ್ ತಂದು ಸುರಿದರೆ ಆರು ಬಿಲ್ಲೆಗಳಲ್ಲಿ ಒಂದರ ಮೇಲೂ ಅಯಸ್ಕಾಂತ ತೇಲಲಿಲ್ಲ. ಮಲ್ಟಿಮೀಟರ್ ಇಟ್ಟರೆ ಕೆಲವು ಕಿಲೋಓಮ್ ತೋರಿಸುತ್ತದೆ, ತಣ್ಣಗಾದಂತೆ ಇನ್ನೂ ಏರುತ್ತದೆ. ಹಿರಿಯ ಸಹೋದ್ಯೋಗಿಯೊಬ್ಬರು, "ಸ್ಟೀಲ್ ಚಮಚದಲ್ಲಿ ಕಲಸಿದ್ದೀರಿ, ಕಬ್ಬಿಣ ಸೇರಿದೆ. ಸೂಪರ್‌ಕಂಡಕ್ಟರಿಗೂ ಕಾಂತತ್ವಕ್ಕೂ ಹಾವು ಮುಂಗುಸಿ ಸಂಬಂಧ. ಎಸೆದುಬಿಡಿ" ಅಂದರು. ಒಬ್ಬ ವಿದ್ಯಾರ್ಥಿನಿ ಎಲ್ಲೋ ಓದಿಕೊಂಡು ಬಂದು, "ಮೇಡಂ, ಈ ವಸ್ತುಗಳ ಒಳಗೇ ಕಾಂತ ಕ್ರಮ ಇರುತ್ತದಂತೆ, ಸೂಪರ್‌ಕಂಡಕ್ಟಿವಿಟಿ ಅದರಿಂದಲೇ ಬರುತ್ತದಂತೆ" ಅನ್ನುತ್ತಾಳೆ. ಹಾಗಿದ್ದರೆ ಅಯಸ್ಕಾಂತ ಯಾಕೆ ಅಂಟುವುದಿಲ್ಲ? ಯಾರು ಹೇಳಿದ್ದು ಸರಿ? ಬಿಲ್ಲೆಗಳನ್ನು ಎಸೆಯಬೇಕಾ?

ಉತ್ತರ: ಎಸೆಯಬೇಡಿ ಮೇಡಂ. ಒಂದನ್ನೂ ಎಸೆಯಬೇಡಿ.

ನಿಮ್ಮ ಪತ್ರದಲ್ಲಿ ಉತ್ತರ ಆಗಲೇ ಇದೆ. "ಬಿಸಿಬಿಸಿಯಾಗಿಯೇ ಹೊರತೆಗೆದು ಇಟ್ಟಿಗೆಯ ಮೇಲೆ" ಅಂದಿರಲ್ಲ, ಅಲ್ಲೇ ಆದದ್ದು ಎಡವಟ್ಟು. ಸ್ಟೀಲ್ ಚಮಚದ ತಪ್ಪು ಏನೂ ಇಲ್ಲ. ನಿಮ್ಮ ಬಿಲ್ಲೆಗೆ ಆಕ್ಸಿಜನ್ ಸಾಲದೆ ಬಂದಿದೆ. ಇನ್ನು ಕಾಂತತ್ವದ ಮಾತು. ನಿಮ್ಮ ಬಿಲ್ಲೆಯೊಳಗೆ ಕಾಂತತ್ವ ನಿಜವಾಗಿಯೂ ಇದೆ, ಆದರೆ ಹೊರಗಿನಿಂದ ಬಂದು ಸೇರಿದ ಕೊಳೆ ಅದಲ್ಲ. ಆ ವಸ್ತುವಿನ ಹುಟ್ಟುಗುಣವೇ ಅದು. ಆಕ್ಸಿಜನ್ ಸಿಗದೆ ಇದ್ದಾಗ ವೈಬಿಸಿಒ ತನ್ನ ಮೂಲ ಸ್ಥಿತಿಯಲ್ಲೇ ಉಳಿದುಬಿಡುತ್ತದೆ, ಆ ಮೂಲ ಸ್ಥಿತಿ ಒಂದು ಕಾಂತೀಯ ನಿರೋಧಕ, ಅಂದರೆ ಸ್ಪಿನ್‌ಗಳು ಸಾಲುಗಟ್ಟಿರುವ, ವಿದ್ಯುತ್ ಸುಲಭವಾಗಿ ಹರಿಯದ ವಸ್ತು. ಹೀಗಾಗಿ ನಿಮ್ಮ ಸಹೋದ್ಯೋಗಿ ತಪ್ಪು ಕಾರಣ ಕೊಟ್ಟರೂ ಅರ್ಧ ಸರಿಯಾದ ಜಾಗಕ್ಕೆ ಬಂದು ನಿಂತಿದ್ದಾರೆ. ವಿದ್ಯಾರ್ಥಿನಿ ಮುಕ್ಕಾಲು ಸರಿ. ಉಳಿದ ಕಾಲು ಭಾಗಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆಕ್ಸಿಜನ್ ವಿಚಾರ. ವೈಬಿಸಿಒದ ಒಂದು ಘಟಕದಲ್ಲಿ ಇಟ್ರಿಯಂ ಒಂದು, ಬೇರಿಯಂ ಎರಡು, ತಾಮ್ರ ಮೂರು. ಇವು ಅಲುಗಾಡುವುದಿಲ್ಲ. ಆದರೆ ಆಕ್ಸಿಜನ್ ಮಾತ್ರ 6ರಿಂದ 7ರವರೆಗೆ ಎಷ್ಟು ಬೇಕಾದರೂ ಇರಬಹುದು. ಮೂರು ತಾಮ್ರಗಳಲ್ಲಿ ಎರಡು ಹಾಳೆಯಂಥ ಪದರಗಳಲ್ಲಿ ಕೂತಿರುತ್ತವೆ, ಒಂದು ಆ ಪದರಗಳ ನಡುವಿನ ಸರಪಳಿಯಲ್ಲಿ. ಬಂದು ಹೋಗುವ ಆಕ್ಸಿಜನ್ ಈ ಸರಪಳಿಯದು. 940 ಡಿಗ್ರಿಯ ಕುಲುಮೆಯಲ್ಲಿ ಸರಪಳಿ ಬಹುತೇಕ ಖಾಲಿ, ಆಕ್ಸಿಜನ್ ಲೆಕ್ಕ 6ರ ಆಸುಪಾಸಿನಲ್ಲಿ ಇರುತ್ತದೆ. ನಿಧಾನವಾಗಿ ತಣ್ಣಗಾದರೆ ಬಿಲ್ಲೆ ದಾರಿಯಲ್ಲಿ ಗಾಳಿಯಿಂದ ಆಕ್ಸಿಜನ್ ಹೀರುತ್ತಾ ಬರುತ್ತದೆ. ಚೆನ್ನಾಗಿ ಹೀರುವುದು 500 ಮತ್ತು 400 ಡಿಗ್ರಿಯ ನಡುವೆ. ಅದಕ್ಕಿಂತ ಮೇಲೆ ಹೀರಿದ್ದು ಒಳಗೆ ನಿಲ್ಲುವುದಿಲ್ಲ. ತೀರಾ ಕೆಳಗೆ ಬಂದರೆ ಆಕ್ಸಿಜನ್ ಒಳಗೆ ಸರಿಯುವ ವೇಗವೇ ಸತ್ತುಹೋಗುತ್ತದೆ. ನೀವು ಇಕ್ಕಳದಲ್ಲಿ ಹಿಡಿದು ಹೊರಗಿಟ್ಟಾಗ ಆ 100 ಡಿಗ್ರಿಯ ಕಿಟಕಿಯನ್ನು ಬಿಲ್ಲೆ ಒಂದೆರಡು ನಿಮಿಷದಲ್ಲಿ ದಾಟಿಬಿಟ್ಟಿತು. ಅದಕ್ಕೆ ಬೇಕಿದ್ದದ್ದು ಹತ್ತಾರು ಗಂಟೆ.

ನಾನೂ ಎಸೆದವನೇ. ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ನಮ್ಮ ಗೈಡ್ ಮಧ್ಯಾಹ್ನ ಬಂದು ನೋಡುತ್ತಾರೆ ಅಂತ ಗಡಿಬಿಡಿಯಲ್ಲಿ ಕುಲುಮೆ ತೆಗೆದು, ತೇಲದ ಐದು ಬಿಲ್ಲೆಗಳನ್ನು ಅವರು ಬರುವ ಮುಂಚೆ ಕಸದ ಡಬ್ಬಿಗೆ ಹಾಕಿದ್ದೆ. ಅವರು ಬಂದು ಡಬ್ಬಿಯಲ್ಲಿ ಕೈ ಹಾಕಿ ಒಂದನ್ನು ತೆಗೆದು, ಮತ್ತೆ ಕುಲುಮೆಗೆ ಇಟ್ಟು, ಬೆಳಗ್ಗೆ ಅದನ್ನೇ ತೇಲಿಸಿ ತೋರಿಸಿದರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಈಗ ಕಾಂತತ್ವ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ಇಡೀ ಕಥೆ ಇರುವುದು ಇಲ್ಲೇ.

ಪದರದಲ್ಲಿರುವ ಪ್ರತಿ ತಾಮ್ರದ ಅಯಾನಿನಲ್ಲಿ ಡಿ ಕವಚದ ಎಲೆಕ್ಟ್ರಾನುಗಳು ಒಂಬತ್ತು. ಎಂಟು ಜೋಡಿಯಾಗಿವೆ, ಒಂದು ಒಂಟಿ. ಆ ಒಂಟಿ ಎಲೆಕ್ಟ್ರಾನಿನ ಸ್ಪಿನ್ ಒಂದು ಪುಟಾಣಿ ಅಯಸ್ಕಾಂತ. ತರಗತಿಯಲ್ಲಿ ನಾವು ಪಾಠ ಮಾಡುವ ಬ್ಯಾಂಡ್ ಸಿದ್ಧಾಂತದ ಲೆಕ್ಕ ಹಾಕಿದರೆ, ತಾಮ್ರಕ್ಕೊಂದು ಎಲೆಕ್ಟ್ರಾನ್ ಅಂದರೆ ಬ್ಯಾಂಡ್ ಅರ್ಧ ತುಂಬಿದೆ, ಅಂದರೆ ಇದು ಲೋಹ ಆಗಬೇಕು. ಮಲ್ಟಿಮೀಟರ್ ಮಾತ್ರ ಕಿಲೋಓಮ್ ತೋರಿಸುತ್ತದೆ. ನಿಮ್ಮ ಮೇಜಿನ ಮೇಲಿರುವ ಆ ಕಪ್ಪು ಬಿಲ್ಲೆ ಪಠ್ಯಪುಸ್ತಕದ ಒಂದು ಇಡೀ ಅಧ್ಯಾಯವನ್ನು ಸುಳ್ಳು ಮಾಡುತ್ತಿದೆ.

ಯಾಕೆ ಹೀಗೆ? ಮದುವೆ ಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಎಲೆಗೊಬ್ಬರು ಕೂತಿದ್ದಾರೆ. ಒಂದೇ ಎಲೆಗೆ ಇಬ್ಬರು ಕೂರುವ ಹಾಗಿಲ್ಲ. ಖಾಲಿ ಎಲೆ ಒಂದೂ ಇಲ್ಲ. ಯಾರಾದರೂ ಪಕ್ಕಕ್ಕೆ ಸರಿಯಬೇಕೆಂದರೆ ಎಲ್ಲಿಗೆ ಸರಿಯುವುದು? ತಾಮ್ರದ ಪದರದಲ್ಲೂ ಇದೇ ಪಾಡು. ಒಂದೇ ತಾಮ್ರದ ಮೇಲೆ ಎರಡು ಎಲೆಕ್ಟ್ರಾನ್ ಬಂದು ಕೂತರೆ ಅವುಗಳ ನಡುವಿನ ವಿಕರ್ಷಣೆಗೆ ತೆರಬೇಕಾದ ಬೆಲೆ ಹಲವು ಎಲೆಕ್ಟ್ರಾನ್ ವೋಲ್ಟ್. ಅಷ್ಟು ಶಕ್ತಿ ಯಾರ ಹತ್ತಿರವೂ ಇಲ್ಲ. ಹೀಗಾಗಿ ಎಲ್ಲರೂ ಕೂತಲ್ಲೇ ಕೂತಿರುತ್ತಾರೆ. ಜನ ತುಂಬಿದ್ದಾರೆ, ಓಡಾಟ ಇಲ್ಲ. ಇಂಥ ವಸ್ತುವನ್ನು ಮಾಟ್ ನಿರೋಧಕ ಅನ್ನುತ್ತಾರೆ.

ಓಡಾಟ ಇಲ್ಲದಿದ್ದರೂ ಇಣುಕುವುದಂತೂ ನಿಲ್ಲುವುದಿಲ್ಲ. ನಡುವೆ ಇರುವ ಆಕ್ಸಿಜನ್ ಮೂಲಕ ಎಲೆಕ್ಟ್ರಾನ್ ಪಕ್ಕದ ತಾಮ್ರದ ಕಡೆ ಕ್ಷಣಮಾತ್ರ ಹೋಗಿ ಬರುತ್ತದೆ. ಪಕ್ಕದವನ ಸ್ಪಿನ್ ತನ್ನದಕ್ಕೆ ತದ್ವಿರುದ್ಧ ಇದ್ದರೆ ಮಾತ್ರ ಪೌಲಿ ನಿಯಮ (ಒಂದೇ ಜಾಗದಲ್ಲಿ ಒಂದೇ ಸ್ಪಿನ್ನಿನ ಎರಡು ಎಲೆಕ್ಟ್ರಾನ್ ಇರುವಂತಿಲ್ಲ) ಇದಕ್ಕೆ ಒಪ್ಪುತ್ತದೆ. ಹೀಗೆ ಹೋಗಿಬಂದರೆ ಶಕ್ತಿಯಲ್ಲಿ ಒಂದಿಷ್ಟು ಉಳಿತಾಯ. ಆ ಉಳಿತಾಯದ ಆಸೆಗೆ ಅಕ್ಕಪಕ್ಕದ ಸ್ಪಿನ್‌ಗಳೆಲ್ಲ ಒಂದು ಮೇಲೆ, ಒಂದು ಕೆಳಗೆ, ಒಂದು ಮೇಲೆ, ಒಂದು ಕೆಳಗೆ ಅಂತ ನಿಂತುಬಿಡುತ್ತವೆ. ಚದುರಂಗದ ಹಾಸಿನ ಕಪ್ಪು ಬಿಳಿ ಮನೆಗಳ ಹಾಗೆ. ಇದೇ ಆಂಟಿಫೆರೋಮ್ಯಾಗ್ನೆಟಿಕ್ ಕ್ರಮ. ಈ ವಸ್ತುಗಳಲ್ಲಿ ಅಕ್ಕಪಕ್ಕದ ಸ್ಪಿನ್‌ಗಳ ನಡುವಿನ ಬಿಗಿತ ಸುಮಾರು 130 ಮಿಲಿ ಎಲೆಕ್ಟ್ರಾನ್ ವೋಲ್ಟ್. ಉಷ್ಣತೆಯ ಭಾಷೆಯಲ್ಲಿ ಹೇಳಿದರೆ 1500 ಕೆಲ್ವಿನ್ ಹತ್ತಿರ. ಇದು ಬಹಳ ದೊಡ್ಡ ಸಂಖ್ಯೆ, ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಅಯಸ್ಕಾಂತ ಯಾಕೆ ಅಂಟುವುದಿಲ್ಲ ಅಂತ ಕೇಳಿದಿರಿ. ಮೇಲಿನವು ಕೆಳಗಿನವು ಸಮ ಸಮ. ಕೂಡಿ ಕಳೆದರೆ ಸೊನ್ನೆ. ಹೊರಗಿನಿಂದ ನೀವು ಎಷ್ಟು ದೊಡ್ಡ ಅಯಸ್ಕಾಂತ ಹಿಡಿದರೂ ಬಿಲ್ಲೆ ಜಪ್ಪಯ್ಯ ಅನ್ನುವುದಿಲ್ಲ. "ಅಯಸ್ಕಾಂತ ಅಂಟಲಿಲ್ಲ, ಆದ್ದರಿಂದ ಕಾಂತತ್ವ ಇಲ್ಲ" ಅನ್ನುವುದು ಕಬ್ಬಿಣಕ್ಕೆ ಸರಿಹೋಗುವ ಮಾತು, ಇಲ್ಲಿಗಲ್ಲ. ಆಕ್ಸಿಜನ್ 6ರ ಹತ್ತಿರ ಇರುವ ವೈಬಿಸಿಒದಲ್ಲಿ ಈ ಕ್ರಮ ಸುಮಾರು 410 ಕೆಲ್ವಿನ್‌ವರೆಗೆ ಉಳಿಯುತ್ತದೆ. ಅಂದರೆ 137 ಡಿಗ್ರಿ ಸೆಲ್ಸಿಯಸ್. ದ್ರವ ನೈಟ್ರೋಜನ್ ಯಾಕೆ ಬೇಕು, ಬಿಲ್ಲೆ ನಿಮ್ಮ ಅಂಗೈ ಮೇಲಿರುವಾಗಲೇ ಒಳಗೆ ಸ್ಪಿನ್‌ಗಳು ಸಾಲಾಗಿ ನಿಂತಿವೆ. ಕುದಿಯುವ ನೀರಿಗೆ ಹಾಕಿದರೂ ಅಲ್ಲಾಡುವುದಿಲ್ಲ. (ಹಾಕಬೇಡಿ. ವೈಬಿಸಿಒಗೂ ನೀರಿಗೂ ಆಗಿಬರುವುದಿಲ್ಲ.)

ಹಾಗಾದರೆ ಇದನ್ನು ಕಂಡವರು ಯಾರು, ಹೇಗೆ? ನ್ಯೂಟ್ರಾನ್‌ಗಳಿಂದ. ನ್ಯೂಟ್ರಾನಿಗೆ ವಿದ್ಯುದಂಶ ಇಲ್ಲ, ಆದರೆ ಸ್ಪಿನ್ ಇದೆ. ಅದು ಹರಳಿನೊಳಗೆ ನುಗ್ಗಿ ಪ್ರತಿ ತಾಮ್ರದ ಸ್ಪಿನ್ ಯಾವ ಕಡೆ ಅಂತ ತಡಕಿ ನೋಡಬಲ್ಲದು. ಒಂದು ಬಿಟ್ಟು ಒಂದು ತಿರುಗಿದ್ದರೆ, ಕಾಂತೀಯವಾಗಿ ಪುನರಾವರ್ತನೆಯ ಅಂತರ ದುಪ್ಪಟ್ಟಾಗುತ್ತದೆ, ಎಕ್ಸ್‌ರೇಯಲ್ಲಿ ಕಾಣದ ಹೊಸ ಶಿಖರಗಳು ನ್ಯೂಟ್ರಾನ್ ಚಿತ್ರದಲ್ಲಿ ಕಾಣುತ್ತವೆ. 1987ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ರಿಯಾಕ್ಟರಿನಲ್ಲಿ ಲ್ಯಾಂಥನಂ ಕಾಪರ್ ಆಕ್ಸೈಡಿನಲ್ಲಿ ಇಂಥ ಶಿಖರಗಳು ಸಿಕ್ಕವು. ವೈಬಿಸಿಒದ ಸರದಿ ಅದರ ಹಿಂದೆಯೇ ಬಂತು. ನಮ್ಮಲ್ಲಿ ಇಂಥ ಅಳತೆಗೆ ಟ್ರಾಂಬೆಯ ಧ್ರುವ ರಿಯಾಕ್ಟರ್ ಇದೆ. ಕಾಲೇಜಿನ ಲ್ಯಾಬಿನಲ್ಲಿ ಮಾಡುವ ಕೆಲಸ ಅಲ್ಲ ಬಿಡಿ.

ಹಾವು ಮುಂಗುಸಿಯ ಮಾತಿಗೆ ಬರೋಣ. ಅದು ಸುಮ್ನೆ ಹುಟ್ಟಿದ ಮಾತಲ್ಲ. ಹಳೆಯ ಸೂಪರ್‌ಕಂಡಕ್ಟರುಗಳಲ್ಲಿ ಅದು ಅಕ್ಷರಶಃ ನಿಜ. ಅಲ್ಲಿ ಎರಡು ಎಲೆಕ್ಟ್ರಾನ್‌ಗಳು ವಿರುದ್ಧ ಸ್ಪಿನ್ ಇಟ್ಟುಕೊಂಡು ಜೋಡಿಯಾಗುತ್ತವೆ, ಜೋಡಿ ಮಾಡಿಸುವುದು ಹರಳಿನ ಕಂಪನ. ನಡುವೆ ಕಾಂತೀಯ ಪರಮಾಣು ಒಂದು ಬಂದರೆ ಅದು ಒಂದು ಸ್ಪಿನ್ನನ್ನು ಹಿಡಿದು ತಿರುಚಿ ಜೋಡಿ ಮುರಿಯುತ್ತದೆ. 1950ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಮಥಿಯಾಸ್ ಮತ್ತು ಜೊತೆಗಾರರು ಲ್ಯಾಂಥನಂಗೆ ಶೇಕಡ ಒಂದರಷ್ಟು ಗ್ಯಾಡೋಲಿನಿಯಂ ಬೆರೆಸಿ ನೋಡಿದರು. ಅಷ್ಟಕ್ಕೇ ಅದರ ಸೂಪರ್‌ಕಂಡಕ್ಟಿವಿಟಿ ಹೆಚ್ಚುಕಡಿಮೆ ಹೊರಟೇಹೋಯಿತು. ನಿಮ್ಮ ಸಹೋದ್ಯೋಗಿ ಓದಿದ ಕಾಲದಲ್ಲಿ ಇದೇ ಪಾಠ.

ತಾಮ್ರದ ಆಕ್ಸೈಡುಗಳಲ್ಲಿ ಈ ಪಾಠ ತಲೆಕೆಳಗು. ವೈಬಿಸಿಒದಲ್ಲಿ ಇಟ್ರಿಯಂ ಅಷ್ಟನ್ನೂ ತೆಗೆದು ಅದೇ ಗ್ಯಾಡೋಲಿನಿಯಂ ಹಾಕಿ. ಶೇಕಡ ಒಂದಲ್ಲ, ನೂರಕ್ಕೆ ನೂರು. ಬಿಲ್ಲೆ 92 ಕೆಲ್ವಿನ್ ಆಸುಪಾಸಿನಲ್ಲೇ ಆರಾಮಾಗಿ ಸೂಪರ್‌ಕಂಡಕ್ಟರ್ ಆಗುತ್ತದೆ. ಆಮೇಲೆ 2 ಕೆಲ್ವಿನ್ ಚಿಲ್ಲರೆಯಲ್ಲಿ ಗ್ಯಾಡೋಲಿನಿಯಂ ಸ್ಪಿನ್‌ಗಳು ತಮ್ಮಷ್ಟಕ್ಕೆ ತಾವು ಸಾಲಾಗಿ ನಿಂತರೂ ಸೂಪರ್‌ಕಂಡಕ್ಟಿವಿಟಿ ಕದಲುವುದಿಲ್ಲ. ಅದೇ ಕಾಂತತ್ವವೇ ಇಲ್ಲದ ಸತುವನ್ನು ಪದರದ ತಾಮ್ರದ ಜಾಗಕ್ಕೆ ಹಾಕಿ ನೋಡಿ. ಶೇಕಡ ಒಂದಕ್ಕೆ ಸುಮಾರು 10 ಕೆಲ್ವಿನ್ ಇಳಿಯುತ್ತದೆ. ಪದರದಲ್ಲಿ ಇರಬೇಕಾದ ಸ್ಪಿನ್ ಒಂದನ್ನು ಕಿತ್ತುಹಾಕಿದ್ದೇ ಅಲ್ಲಿ ಅಪರಾಧ. ನನಗಂತೂ ಈ ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗಲೇ ಈ ವಸ್ತುಗಳು ಬೇರೆ ಜಾತಿ ಅಂತ ಮನವರಿಕೆ ಆದದ್ದು. ನಿಮ್ಮ ಚಮಚದಿಂದ ಉದುರಿದ ನಾಲ್ಕು ಕಣ ಕಬ್ಬಿಣ ಇಲ್ಲಿ ಲೆಕ್ಕಕ್ಕೇ ಇಲ್ಲ.

ಆಕ್ಸಿಜನ್ ಒಳಗೆ ಬಂದರೆ ಏನಾಗುತ್ತದೆ? ಸರಪಳಿಗೆ ಸೇರಿದ ಪ್ರತಿ ಆಕ್ಸಿಜನ್ ಪದರಗಳಿಂದ ಎಲೆಕ್ಟ್ರಾನ್‌ಗಳನ್ನು ಎಳೆದುಕೊಳ್ಳುತ್ತದೆ. ಪಂಕ್ತಿಯಲ್ಲಿ ಕೆಲವು ಎಲೆ ಖಾಲಿ ಆದ ಹಾಗೆ. ಇವೇ ಹೋಲ್‌ಗಳು. ಈಗ ಪಕ್ಕದವರು ಖಾಲಿ ಎಲೆಗೆ ಸರಿಯಬಹುದು, ಅವರು ಬಿಟ್ಟ ಎಲೆಗೆ ಇನ್ನೊಬ್ಬರು. ಓಡಾಟ ಶುರು. ಆದರೆ ಒಂದು ತೊಡಕಿದೆ. ಮೇಲೆ ಕೆಳಗೆ ಅಂತ ಅಚ್ಚುಕಟ್ಟಾಗಿ ಕೂತವರಲ್ಲಿ ಒಬ್ಬ ಸರಿದರೆ ಹೊಸ ಜಾಗದಲ್ಲಿ ಅವನ ದಿಕ್ಕು ತಪ್ಪು. ಹೋಲ್ ಓಡಿದ ದಾರಿಯುದ್ದಕ್ಕೂ ಹೀಗೆ ಸಾಲು ಕೆಟ್ಟಿರುತ್ತದೆ. ಓಡಾಟ ಬೇಕೆಂದರೆ ಸಾಲು ಕೆಡಬೇಕು, ಸಾಲು ಉಳಿಯಬೇಕೆಂದರೆ ಓಡಾಟ ನಿಲ್ಲಬೇಕು. ಈ ಜಗ್ಗಾಟವೇ ಇಡೀ ಕಪ್ರೇಟ್ (ಅಂದರೆ ಈ ತಾಮ್ರದ ಆಕ್ಸೈಡುಗಳ) ಭೌತಶಾಸ್ತ್ರ.

ಅಂಕಿ ವೈಬಿಸಿಒದ ದಾಯಾದಿಯಾದ ಲ್ಯಾಂಥನಂ ಸ್ಟ್ರಾನ್ಷಿಯಂ ಕಾಪರ್ ಆಕ್ಸೈಡಿನಲ್ಲಿ ಸ್ಪಷ್ಟವಾಗಿ ಸಿಗುತ್ತದೆ. ನೂರು ತಾಮ್ರಕ್ಕೆ ಎರಡು, ಅಂದರೆ ಶೇಕಡ 2ರಷ್ಟು ಹೋಲ್ ಬಂದರೆ ಸಾಕು, ದೂರದವರೆಗೆ ಹಬ್ಬಿದ ಕಾಂತ ಕ್ರಮ ಕುಸಿಯುತ್ತದೆ. ಶೇಕಡ 5ರ ಹೊತ್ತಿಗೆ ಸೂಪರ್‌ಕಂಡಕ್ಟಿವಿಟಿ ತಲೆ ಎತ್ತುತ್ತದೆ, 16ಕ್ಕೆ ತುತ್ತತುದಿ, 27 ದಾಟುವಾಗ ಮುಗಿಯಿತು. ವೈಬಿಸಿಒದಲ್ಲಿ ಆಕ್ಸಿಜನ್ 6.35 ಸುಮಾರಿಗೆ ಕಾಂತ ಕ್ರಮ ಹೋಗಿ ಸೂಪರ್‌ಕಂಡಕ್ಟಿವಿಟಿ ಬರುತ್ತದೆ, 6.9 ದಾಟಿದ ಮೇಲೆ 93 ಕೆಲ್ವಿನ್ ಮುಟ್ಟುತ್ತದೆ. ನಡುವೆ ಒಂದು ಗುಂಡಿ ಇದೆ, ಬಹಳ ಜನ ಅದರಲ್ಲಿ ಬೀಳುತ್ತಾರೆ. ಆಕ್ಸಿಜನ್ 6.5ರಿಂದ 6.7 ಇದ್ದರೆ ಬಿಲ್ಲೆ ಸೂಪರ್‌ಕಂಡಕ್ಟರ್ ಹೌದು, ಆದರೆ 60 ಕೆಲ್ವಿನ್‌ಗೆ. ದ್ರವ ನೈಟ್ರೋಜನ್ ಇಳಿಸುವುದು 77ಕ್ಕೆ. ನಿಮಗೆ ಅದು ಕೆಟ್ಟ ಬಿಲ್ಲೆಯಂತೆಯೇ ಕಾಣುತ್ತದೆ. ನಿಮ್ಮದು ತಣ್ಣಗಾದಂತೆ ರೋಧ ಏರುತ್ತಿದೆ ಅಂದಿದ್ದೀರಿ, ಆದ್ದರಿಂದ ಅಷ್ಟೂ ಆಕ್ಸಿಜನ್ ಇಲ್ಲ, ಕಾಂತೀಯ ತುದಿಯಲ್ಲೇ ಇದೆ.

ವಿದ್ಯಾರ್ಥಿನಿಯ "ಅದರಿಂದಲೇ ಬರುತ್ತದಂತೆ" ಅನ್ನುವ ಮಾತಿಗೆ ಒಂದು ಹಿನ್ನೆಲೆ ಇದೆ, ಅದರಲ್ಲಿ ನಮ್ಮ ಬೆಂಗಳೂರೂ ಇದೆ. 1986ರಲ್ಲಿ ಸ್ವಿಟ್ಜರ್ಲೆಂಡಿನ ಐಬಿಎಂ ಪ್ರಯೋಗಾಲಯದಲ್ಲಿ ಬೆಡ್ನಾರ್ಜ್ ಮತ್ತು ಮುಲ್ಲರ್ ಲ್ಯಾಂಥನಂ ಬೇರಿಯಂ ಕಾಪರ್ ಆಕ್ಸೈಡಿನಲ್ಲಿ 30 ಕೆಲ್ವಿನ್ ದಾಟಿದ ಸೂಪರ್‌ಕಂಡಕ್ಟಿವಿಟಿ ಕಂಡರು, ಮರುವರ್ಷವೇ ನೊಬೆಲ್. ಅಂಥ ಆಕ್ಸೈಡುಗಳು ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್.ಆರ್. ರಾವ್ ಅವರ ಗುಂಪಿಗೆ ಹೊಸವಲ್ಲ, ಆಗಲೇ ವರ್ಷಗಟ್ಟಲೆ ಅವುಗಳ ಜೊತೆ ಪಳಗಿದ್ದವರು ಅವರು. 1987ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಅಮೆರಿಕದ ನೊಬೆಲ್ ವಿಜೇತ ಸಿದ್ಧಾಂತಿ ಫಿಲಿಪ್ ಆಂಡರ್ಸನ್ ಬಂದಿದ್ದರು. ಮಾಟ್ ನಿರೋಧಕದ ಸ್ಪಿನ್‌ಗಳು ಆಗಲೇ ಜೋಡಿ ಜೋಡಿಯಾಗಿವೆ, ಹೋಲ್‌ಗಳು ಬಂದು ಓಡಾಟ ಶುರುವಾದರೆ ಆ ಜೋಡಿಗಳೇ ಸೂಪರ್‌ಕಂಡಕ್ಟರ್ ಆಗುತ್ತವೆ ಎನ್ನುವ ತಮ್ಮ ವಿಚಾರವನ್ನು ಅವರು ಅಲ್ಲಿ ಮಂಡಿಸಿದರು. ನೈಟ್ರೋಜನ್ ಗಡಿ ದಾಟಿದ ವೈಬಿಸಿಒ ಇನ್ನೂ ಲೋಕಕ್ಕೆ ಗೊತ್ತಿರಲಿಲ್ಲ. ಅಮೆರಿಕದ ಚು ಮತ್ತು ವು ತಂಡಗಳ ಆ ಸುದ್ದಿ ಕೆಲವೇ ವಾರಗಳಲ್ಲಿ ಬಂತು.

ಸ್ಪಿನ್‌ಗಳ ಜಗ್ಗಾಟವೇ ಎಲೆಕ್ಟ್ರಾನ್‌ಗಳನ್ನು ಜೋಡಿ ಮಾಡುತ್ತದೆ ಅನ್ನುವುದರ ಪರವಾಗಿ ಬಲವಾದ ಸಾಕ್ಷ್ಯಗಳಿವೆ. ಆ 1500 ಕೆಲ್ವಿನ್ ನೆನಪಿದೆಯಾ? ಜೋಡಿ ಮಾಡಿಸುವ ಶಕ್ತಿ ಅಷ್ಟು ದೊಡ್ಡದಾಗಿದ್ದರೆ 100 ಕೆಲ್ವಿನ್ ಆಸುಪಾಸಿನ ಸೂಪರ್‌ಕಂಡಕ್ಟರ್ ಹುಟ್ಟುವುದು ಆಶ್ಚರ್ಯವಲ್ಲ. 1990ರ ದಶಕದ ಮೊದಲ ಭಾಗದಲ್ಲಿ ಜೋಡಿಯ ಆಕಾರ ನಾಲ್ಕು ಎಸಳಿನ ಡಿ ಅಲೆ ಅಂತ ಖಚಿತವಾಯಿತು, ಸ್ಪಿನ್‌ಗಳಿಂದ ಜೋಡಿಯಾದರೆ ನಿರೀಕ್ಷಿಸುವ ಆಕಾರವೂ ಅದೇ. 1991ರಲ್ಲಿ ಫ್ರಾನ್ಸಿನ ರೋಸ್ಸಾ ಮಿನ್ಯೋ ತಂಡ ಸೂಪರ್‌ಕಂಡಕ್ಟರ್ ಸ್ಥಿತಿಯಲ್ಲಿ ವೈಬಿಸಿಒದ ಸ್ಪಿನ್‌ಗಳು 41 ಮಿಲಿ ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಒಂದು ಹೊಸ ರಾಗ ಹಿಡಿಯುವುದನ್ನು ನ್ಯೂಟ್ರಾನ್‌ಗಳಲ್ಲಿ ಕಂಡಿತು. ಸಾಲು ಚದುರಿದರೂ ಸ್ಪಿನ್‌ಗಳು ಸತ್ತಿಲ್ಲ ಅಂತಾಯಿತು. ಆದರೂ ಇಡೀ ಸಮುದಾಯ ಒಪ್ಪಿದ ಒಂದು ಸಿದ್ಧಾಂತ ಇವತ್ತಿಗೂ ಇಲ್ಲ. ನಾನು ಬಿಟ್ಟಿದ್ದ ಕಾಲು ಭಾಗ ಇದು. "ಕಾಂತತ್ವದಿಂದಲೇ ಬರುತ್ತದೆ" ಅಂತ ಪರೀಕ್ಷೆಯ ಉತ್ತರದ ಹಾಗೆ ಬರೆಯಲು ಬರುವುದಿಲ್ಲ. ನನ್ನ ಪಕ್ಷ ಕೇಳಿದರೆ ಸ್ಪಿನ್‌ಗಳ ಕಡೆಗೇ ವಾಲುತ್ತೇನೆ.

ಅವಳು ಇನ್ನೊಂದು ಪ್ರಶ್ನೆ ಖಂಡಿತ ಕೇಳುತ್ತಾಳೆ: ಸೂಪರ್‌ಕಂಡಕ್ಟರ್ ಆದ ಮೇಲೂ ಒಳಗೆ ಕಾಂತ ಕ್ರಮ ಉಳಿಯುತ್ತದಾ? ಕೆಲವು ಕಡೆ ಉಳಿಯುತ್ತದೆ. ಲ್ಯಾಂಥನಂ ಬೇರಿಯಂ ಆಕ್ಸೈಡಿನಲ್ಲಿ ಹೋಲ್‌ಗಳು ಸರಿಯಾಗಿ ಎಂಟು ತಾಮ್ರಕ್ಕೊಂದು ಆದಾಗ ಸೂಪರ್‌ಕಂಡಕ್ಟರ್ ಉಷ್ಣತೆ ದಿಢೀರನೆ ನಾಲ್ಕೈದು ಕೆಲ್ವಿನ್‌ಗೆ ಬಿದ್ದುಹೋಗುತ್ತದೆ. ಸ್ವಲ್ಪ ಆಚೆ ಈಚೆ ಹೋದರೆ ಮತ್ತೆ 30ರ ಸುಮಾರು. ವರ್ಷಗಟ್ಟಲೆ ಇದು ಒಗಟಾಗಿತ್ತು. 1995ರಲ್ಲಿ ಬ್ರೂಕ್‌ಹೇವನ್ನಿನ ಟ್ರಾನ್ಕ್ವಾಡಾ ತಂಡ ನಿಯೋಡಿಮಿಯಂ ಬೆರೆಸಿದ ಇದರ ದಾಯಾದಿಯೊಂದರಲ್ಲಿ ಕಾರಣ ಹಿಡಿಯಿತು. ಹೋಲ್‌ಗಳು ಎಲ್ಲೆಂದರಲ್ಲಿ ಹರಡದೆ ಗೆರೆ ಗೆರೆಯಾಗಿ ಸಾಲುಗಟ್ಟುತ್ತವೆ, ಎರಡು ಗೆರೆಗಳ ನಡುವಿನ ಪಟ್ಟಿಯಲ್ಲಿ ಸ್ಪಿನ್‌ಗಳು ಮತ್ತೆ ಮೇಲೆ ಕೆಳಗೆ ನಿಲ್ಲುತ್ತವೆ. ಗದ್ದೆ, ಬದು, ಗದ್ದೆ, ಬದು ಇದ್ದ ಹಾಗೆ. ಬದು ದಾಟಿದರೆ ಸ್ಪಿನ್ ಸಾಲಿನ ಸರದಿ ಅದಲುಬದಲು. ಈ ಪಟ್ಟೆಗಳ ವಿಷಯದಲ್ಲಿ ನನಗೆ ಅನುಮಾನ ಇಲ್ಲ.

2006ರಲ್ಲಿ ಫ್ರಾನ್ಸಿನ ಸಾಕ್ಲೇಯಲ್ಲಿ ಸ್ಪಿನ್ ದಿಕ್ಕು ಆರಿಸಿದ ನ್ಯೂಟ್ರಾನ್‌ಗಳಿಂದ ವೈಬಿಸಿಒದಲ್ಲಿ ಇನ್ನೊಂದು ಬಗೆಯ, ಬಹಳ ಸಣ್ಣ ಕಾಂತ ಕ್ರಮದ ಸುಳಿವು ಸಿಕ್ಕಿತು. ಸಿದ್ಧಾಂತಿ ಚಂದ್ರ ವರ್ಮಾ ಮೊದಲೇ ಊಹಿಸಿದ್ದ, ಒಂದೊಂದು ಘಟಕದೊಳಗೂ ಸುತ್ತುವ ಪುಟ್ಟ ಪ್ರವಾಹಗಳ ಕ್ರಮ ಇದೇ ಅಂತ ಹಲವರು ಹೇಳಿದರು. 2017ರಲ್ಲಿ ಬೇರೆ ತಂಡ ಹುಡುಕಿದಾಗ ಸಿಗಲಿಲ್ಲ. ಮೊದಲಿನವರು ನೀವು ನೋಡಿದ ರೀತಿಯೇ ಸಾಲದು ಅಂದರು. ನಾನು ಇದನ್ನು "ಇರಬಹುದು" ಪಟ್ಟಿಯಲ್ಲಿ ಇಟ್ಟಿದ್ದೇನೆ. 2020ರ ಫ್ರಾನ್ಸಿನ ಇನ್ನೊಂದು ಕೆಲಸ ನನಗೆ ಹೆಚ್ಚು ಹಿಡಿಸಿತು. ಭಾರೀ ಕಾಂತಕ್ಷೇತ್ರ ಹಾಕಿ ಸೂಪರ್‌ಕಂಡಕ್ಟಿವಿಟಿಯನ್ನು ಅದುಮಿದರೆ, ಅದು ಮುಚ್ಚಿಟ್ಟಿದ್ದ ಗಾಜಿನಂತೆ ಹೆಪ್ಪುಗಟ್ಟಿದ ಸ್ಪಿನ್ ಕ್ರಮ ಲ್ಯಾಂಥನಂ ಸ್ಟ್ರಾನ್ಷಿಯಂ ಆಕ್ಸೈಡಿನಲ್ಲಿ ಸುಮಾರು ಶೇಕಡ 19 ಹೋಲ್‌ಗಳವರೆಗೂ ಕಾಣುತ್ತದೆ. ಅಂದರೆ ಸೂಪರ್‌ಕಂಡಕ್ಟರಿಗೆ ತಾಯಿಯಂತಿರುವ ಆ ಕಾಂತತ್ವ ಎಲ್ಲೂ ಹೋಗಿರಲಿಲ್ಲ, ಒಳಮನೆಯಲ್ಲೇ ಇತ್ತು.

ಸರಿ, ಈಗ ಆರು ಬಿಲ್ಲೆಗಳು. ಎಲ್ಲವನ್ನೂ ಒಂದೇ ಸಲ ರಿಪೇರಿಗೆ ಹಾಕಬೇಡಿ. ಒಂದನ್ನು ಹಾಗೇ ಎತ್ತಿಡಿ. ನೀವು ಕೈಯಾರೆ ಮಾಡಿದ ಮಾಟ್ ನಿರೋಧಕ ಅದು. ಉಳಿದವುಗಳಲ್ಲಿ ಒಂದನ್ನು ಮೊದಲು ಒಣಗಿಸಿ, ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಆಮೇಲೆ ಅಲ್ಯುಮಿನಾ ದೋಣಿಯಲ್ಲಿ ಇಟ್ಟು 450 ಡಿಗ್ರಿಗೆ ಏರಿಸಿ, ಒಂದು ಹಗಲು ಒಂದು ರಾತ್ರಿ ಅಲ್ಲೇ ಬಿಡಿ. ಸ್ವಿಚ್ ಆರಿಸಿದ ಮೇಲೆ ಬಾಗಿಲು ತೆಗೆಯಬೇಡಿ, ತಾನಾಗಿ ಆರಲಿ. ಲ್ಯಾಬ್ ಮುಚ್ಚುವ ಸಮಸ್ಯೆ ಇದ್ದರೆ ಶನಿವಾರ ಶುರು ಮಾಡಿ, ಆದರೆ ಯಾರಾದರೂ ಬಂದು ನೋಡಿಕೊಂಡು ಹೋಗುವ ಏರ್ಪಾಡು ಇರಲಿ.

ಆಕ್ಸಿಜನ್ ಸಿಲಿಂಡರ್ ಇದ್ದರೆ ಕೆಲಸ ಬೇಗ ಮತ್ತು ಚೆನ್ನಾಗಿ ಆಗುತ್ತದೆ. ಆದರೆ ಅದನ್ನು ಮಾಮೂಲಿ ಮಫಲ್ ಕುಲುಮೆಗೆ ಬಿಡಬೇಡಿ, ಟ್ಯೂಬ್ ಕುಲುಮೆ ಬೇಕು. ಸಿಲಿಂಡರಿನ ಕವಾಟಕ್ಕೆ ಎಣ್ಣೆ, ಗ್ರೀಸ್ ಸೋಂಕಿದ್ದರೆ ಬೆಂಕಿ ಹತ್ತುತ್ತದೆ, ಇದು ಹೆದರಿಸಲು ಹೇಳುವ ಮಾತಲ್ಲ. ನಿಮ್ಮ ಲ್ಯಾಬಿಗೆ ನಾನು ಹೇಳುವುದು ಬರೀ ಗಾಳಿ. ಮೀನಿನ ತೊಟ್ಟಿಯ ಪಂಪಿನಿಂದ, ಸಿಲಿಕಾ ಜೆಲ್ ತುಂಬಿದ ಕೊಳವೆಯ ಮೂಲಕ ನಿಧಾನವಾಗಿ ಗಾಳಿ ಬಿಟ್ಟರೆ ಸಾಕು. ಹೊತ್ತು ಜಾಸ್ತಿ ಹಿಡಿಯುತ್ತದೆ ಅಷ್ಟೇ. ಬಿಲ್ಲೆ ದಪ್ಪಗೆ, ಗಟ್ಟಿಯಾಗಿದ್ದರೆ ಆಕ್ಸಿಜನ್ ಚರ್ಮದಷ್ಟೇ ಆಳಕ್ಕೆ ಹೋಗಿ ನಿಲ್ಲುವ ಅಪಾಯ ಇದೆ. ಆಗ ಇನ್ನೊಂದು ದಿನ ಇಡಿ.

ಹೊರಗೆ ತೆಗೆದ ಮೇಲೆ ಮತ್ತೆ ತೂಗಿ. 3 ಗ್ರಾಂ ಬಿಲ್ಲೆ ಆಕ್ಸಿಜನ್ 6.2ರಿಂದ 6.9ಕ್ಕೆ ಹೋದರೆ ಸುಮಾರು 50 ಮಿಲಿಗ್ರಾಂ ಏರಬೇಕು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಕೊಡಲು ಆಗಲಿಕ್ಕಿಲ್ಲ. ತೂಕ ಏರದಿದ್ದರೆ, ಅಥವಾ ಮುರಿದಾಗ ಒಳಗೆ ಹಸಿರು ಚುಕ್ಕೆ ಕಂಡರೆ, ರಾಸಾಯನಿಕವಾಗಿಯೇ ಬೇರೆ ಹಂತ ಹುಟ್ಟಿದೆ. ಆಗ ಪುಡಿ ಮಾಡಿ, ಅರೆದು, ಮತ್ತೆ ಸುಡುವುದೊಂದೇ ದಾರಿ. ಹತ್ತಿರದ ವಿಶ್ವವಿದ್ಯಾಲಯದಲ್ಲಿ ಎಕ್ಸ್‌ರೇ ಡಿಫ್ರಾಕ್ಷನ್ ಸಿಕ್ಕಿದರೆ ತಾಮ್ರದ ಕಿರಣದಲ್ಲಿ 32.5 ಮತ್ತು 32.8 ಡಿಗ್ರಿಯ ಜೋಡಿ ಶಿಖರ ನೋಡಿ. ಬಲಗಡೆಯದು ಎತ್ತರವಾಗಿದ್ದರೆ ಆಕ್ಸಿಜನ್ ಬಂದಿದೆ, ಎಡಗಡೆಯದು ಎತ್ತರ ಇದ್ದರೆ ಇನ್ನೂ ಹಳೆಯ ಸ್ಥಿತಿಯೇ.

ತೇಲಿಸುವ ಪರೀಕ್ಷೆಗೆ ಮುಂಚೆ ಒಂದು ಸುಲಭದ ಕೆಲಸ ಮಾಡಿ. ಬಿಲ್ಲೆಯ ಚೂರೊಂದನ್ನು ದಾರಕ್ಕೆ ಕಟ್ಟಿ ನೈಟ್ರೋಜನ್‌ನಲ್ಲಿ ಅದ್ದಿ ಎತ್ತಿ, ಪಕ್ಕದಿಂದ ನಿಯೋಡಿಮಿಯಂ ಅಯಸ್ಕಾಂತ ತನ್ನಿ. ಚೂರು ಹಿಂದಕ್ಕೆ ಸರಿದರೆ ಸೂಪರ್‌ಕಂಡಕ್ಟರ್ ಹುಟ್ಟಿದೆ. ತೇಲಿಸಲು ಸಾಲದಷ್ಟು ಇದ್ದರೂ ಇಲ್ಲಿ ಗೊತ್ತಾಗುತ್ತದೆ. ಒಂದು ಲೀಟರ್ ದ್ರವ ನೈಟ್ರೋಜನ್ ಸುಮಾರು 700 ಲೀಟರ್ ಅನಿಲ ಆಗುತ್ತದೆ, ಕಿಟಕಿ ತೆರೆದಿರಲಿ. ಬೇರಿಯಂ ಕಾರ್ಬೊನೇಟ್ ಒಂದು ಕಾಲದಲ್ಲಿ ಇಲಿ ಪಾಷಾಣವಾಗಿ ಮಾರಾಟ ಆಗುತ್ತಿದ್ದ ವಸ್ತು. ಅರೆಯುವಾಗ ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಸಿ. ಕಿಟ್ ಕೊಂಡುಬಿಡೋಣವಾ ಅಂತ ಆಡಳಿತದವರು ಕೇಳಿದರೆ, ತೇಲಿಸುವುದಷ್ಟೇ ಬೇಕಿದ್ದರೆ ಅದೇ ಸುಲಭ ಅಂತ ಹೇಳಿ. ಅದರಲ್ಲಿ ಮಾಟ್ ನಿರೋಧಕ ಮಾತ್ರ ಬರುವುದಿಲ್ಲ.

ತೇಲಿದ ಬಿಲ್ಲೆಯನ್ನು ನೈಟ್ರೋಜನ್‌ನಿಂದ ತೆಗೆದ ತಕ್ಷಣ ಅದರ ಮೇಲೆ ಗಾಳಿಯ ತೇವ ಹಿಮವಾಗಿ ಕೂರುತ್ತದೆ. ಕರಗಿ ನೀರಾಗುವ ಮುಂಚೆ ಬಲ್ಬಿನ ಕೆಳಗೆ ಇಟ್ಟು ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಗೆ ಹಾಕಿ. ಪಕ್ಕದ ಡಬ್ಬಿಯಲ್ಲಿ ಇಟ್ಟಿಗೆಯ ಮೇಲೆ ಆರಿದ ಆ ಇನ್ನೊಂದು ಬಿಲ್ಲೆ ಇರಲಿ. ಎರಡಕ್ಕೂ ಚೀಟಿ ಅಂಟಿಸಲು ಮರೆಯಬೇಡಿ, ನೋಡಲು ಎರಡೂ ಒಂದೇ ಕಪ್ಪು.